ಮಿಕ್ಸಿಂಗ್‌ಗೆ ಹೋದ ಕ್ಯಾಸೆಟ್

ಚೆನ್ನಾಗಿ ಬಂದ ಫೋಟೋವನ್ನು ಕೆಡಿಸಿಕೊಳ್ಳಲು ಈಗ ಮೊಬೈಲಿನಲ್ಲಿ ಒಂದು ಆ್ಯಪ್ ಬಂದಿದೆ. ನನ್ನ ಅಕ್ಕನ ಮಗಳು ಪೂಜಾ ಅದನ್ನು ತೋರಿಸಿದ ದಿನ ನಾನು ಅವಳ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದೆ. ಹುಬ್ಬಿನ ಒಂದೊಂದು ಕೂದಲೂ ಕಾಣುವಷ್ಟು ಸ್ವಚ್ಛವಾಗಿ ಬಂದಿದ್ದ ತನ್ನದೇ ಫೋಟೋದ ಮೇಲೆ ಅವಳು ಬೆರಳಾಡಿಸಿದಳು. ಮುಖ ಮಸುಕಾಯಿತು, ಹಸಿರು ಚೂಡಿದಾರ ಹಳದಿಗೆ ತಿರುಗಿತು, ಕಣ್ಣಿನ ಗುಡ್ಡೆ ಕೆಂಪಗೆ ಹೊಳೆಯಿತು, ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖೊಂದು ಬಂದು ಕೂತಿತು.

“ಛಂದ ಕಾಣ್ತದಲ್ಲ ಮೌಶಿ?” ಎಂದಳು. ತಾಯಿಯ ತಂಗಿ ನಮ್ಮ ಕಡೆ ಮೌಶಿ.

“ಪೊಲೀಸ್ ಠಾಣೆದಾಗ ಗ್ವಾಡಿಗೆ ಹಚ್ಚಿರ್ತಾರಲ್ಲ, ಹಂಗ ಕಾಣ್ತದ,” ಎಂದೆ.

“ಹಂಗೇ ಬೇಕಾಗೇದ. ಹಳೇ ಕ್ಯಾಮೆರಾದಾಗ ತಗದಂಗ ಇರ್ಬೇಕು.”

ನೋಡಿ, ಕಾಲ ಎಲ್ಲಿಗೆ ಬಂತು. ಇಂಥ ಫೋಟೋ ತೆಗೆಯಲು ನಮಗೆ ಯಾವ ಆ್ಯಪೂ ಬೇಕಾಗಿರಲಿಲ್ಲ. ಬರೀ ನಮ್ಮ ದಡ್ಡತನದಿಂದಲೇ ತೆಗೆಯುತ್ತಿದ್ದೆವು. ತಲೆ ಕತ್ತರಿಸಿ ಹೋದದ್ದು, ಬೆರಳು ಅಡ್ಡ ಬಂದದ್ದು, ವರನ ಬದಲು ಹಿಂದಿನ ಶಾಮಿಯಾನದ ಕಂಬ ಸ್ಪಷ್ಟವಾಗಿ ಬಂದದ್ದು, ಇವೆಲ್ಲ ನಮ್ಮ ಮನೆಯಲ್ಲಿ ಆಲ್ಬಮ್‌ಗಟ್ಟಲೆ ಇವೆ. ಅವನ್ನು ತೋರಿಸಲು ನಾಚಿಕೊಂಡು ಗೋದ್ರೆಜಿನಂಥ ಕಪಾಟಿನ ತಳದಲ್ಲಿ ಮುಚ್ಚಿಟ್ಟಿದ್ದೇವೆ. ಪೂಜಾಳ ಗೆಳತಿಯರು ಅವನ್ನು ಕಂಡರೆ ನಮ್ಮನ್ನು ದೊಡ್ಡ ಕಲಾವಿದರೆಂದು ತಿಳಿದುಕೊಂಡಾರು.

ನನ್ನ ಮದುವೆಯಾದ ಹೊಸದರಲ್ಲಿ ನನ್ನ ಯಜಮಾನರು ಒಂದು ಡಿಜಿಟಲ್ ಕ್ಯಾಮೆರಾ ತಂದಿದ್ದರು. ಸಾಬೂನಿನ ಡಬ್ಬಿಯಷ್ಟಿತ್ತು. ಹುಮನಾಬಾದಿನ ನಮ್ಮ ಓಣಿಗೆ ಅದೇ ಮೊದಲನೆಯದು. ಅದಕ್ಕೆ ಸೆಲ್ಲು ತಿನ್ನುವ ಚಟ. ಹೊಸ ಸೆಲ್ಲು ಹಾಕಿ ಹತ್ತು ಜನರಿಗೆ “ಸರ್ಕೊಳ್ರಿ, ಹತ್ತರ ಬರ್ರಿ” ಎನ್ನುವಷ್ಟರಲ್ಲಿ ಅದು ಕಣ್ಣು ಮುಚ್ಚಿಬಿಡುತ್ತಿತ್ತು. ಆಗ ನಮ್ಮ ಮನೆಯ ಗೋಡೆ ಗಡಿಯಾರದಿಂದ ಒಂದು ಸೆಲ್ಲು, ಪಕ್ಕದ ಮನೆಯ ಗಡಿಯಾರದಿಂದ ಇನ್ನೊಂದು ಸೆಲ್ಲು ತಂದು ಹಾಕುತ್ತಿದ್ದೆವು. ಓಣಿಯಲ್ಲಿ ಎರಡು ಗಡಿಯಾರ ಒಟ್ಟಿಗೆ ನಿಂತಿವೆ ಎಂದರೆ ಯಾರದೋ ಹುಟ್ಟುಹಬ್ಬ ಎಂದು ಅರ್ಥ ಮಾಡಿಕೊಳ್ಳಬೇಕು. ಸೆಲ್ಲು ತೆಗೆದಾಗಲೆಲ್ಲ ಕ್ಯಾಮೆರಾ ತನ್ನ ಹಿಂದಿನ ಜನ್ಮ ಮರೆತು ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತಿತ್ತು. ಹೀಗಾಗಿ ಫೋಟೋಗಳ ಪ್ರಕಾರ ನಮ್ಮ ಮನೆತನದ ತೊಟ್ಟಿಲು, ಜವಳ, ಗೃಹಪ್ರವೇಶ ಎಲ್ಲ ಜನವರಿ ಒಂದನೇ ತಾರೀಖು, ಮಧ್ಯಾಹ್ನ ಹನ್ನೆರಡಕ್ಕೇ ನಡೆದಿವೆ.

ಕಾರ್ಡಿನ ಕಥೆ ಇನ್ನೂ ಬೇರೆ. ಅದರಲ್ಲಿ ಹಿಡಿಯುತ್ತಿದ್ದುದು ಕೆಲವೇ ಫೋಟೋ. ತುಂಬಿದರೆ ಹೊಸಬರಿಗಾಗಿ ಹಳಬರನ್ನು ಅಳಿಸಬೇಕು. ಯಾರನ್ನು ಅಳಿಸುವುದು ಎಂದು ಅಲ್ಲಿಯೇ, ಅವರವರ ಎದುರಿಗೇ ಪಂಚಾಯಿತಿ ಸೇರುತ್ತಿತ್ತು. ನನ್ನ ಮಗನ ತೊಟ್ಟಿಲಿನ ದಿನ ಹುಡಗಿ ಎಂಬ ಊರಿನಿಂದ ಬಂದಿದ್ದ ನನ್ನ ಯಜಮಾನರ ಸೋದರಮಾವ ಸಹಜ ಕುತೂಹಲಕ್ಕೆ ಕ್ಯಾಮೆರಾದೊಳಗೆ ಇಣುಕಿದರು. ಅಷ್ಟರಲ್ಲಿ ಅವರ ಮುಖವೇ ಬಂದು ಮಾಯವಾಯಿತು.

“ಅದು ನಂದಲ್ಲೇನೋ? ಎಲ್ಲಿ ಹೋತು?” ಎಂದು ಕೇಳಿದರು.

“ನೀವು ಕಣ್ ಮುಚ್ಚಿದ್ರಿ ಮಾಮಾ. ಅದಕ್ಕ ತಗದೆ,” ಎಂದರು ನನ್ನ ಯಜಮಾನರು.

“ಕಣ್ ಮುಚ್ಚಿದ್ರೇನಾತು, ಮನಷ್ಯಾ ನಾನೇ ಅಲ್ಲೇನು?”

ಅವರು ಸಿಟ್ಟಾಗಿ ಹೊರಟು ಹೋದರು. ಊಟ ಮಾತ್ರ ಮಾಡಿಕೊಂಡೇ ಹೋದರು.

ನಾನು ಇದನ್ನೆಲ್ಲ ಪೂಜಾಳಿಗೆ ಹೇಳಿದ್ದೇ ತಪ್ಪಾಯಿತು. “ಹಂಗಾರ ಅದಕ್ಕೂ ಹಳೇದು, ವಿಡಿಯೋ ಕ್ಯಾಮೆರಾ ಇತ್ತೇನ್ ನಿಮ್ಮನ್ಯಾಗ?” ಎಂದು ಕೇಳಿದಳು. ಇತ್ತು. ನಮ್ಮ ಕಾಶಿನಾಥ ಕಾಕಾನ ಹತ್ತಿರ ಇತ್ತು. ಆದರೆ ಆ ಕ್ಯಾಮೆರಾದ ಹೆಸರು ಎತ್ತಿದರೆ ನಮ್ಮ ಮನೆಯಲ್ಲಿ ಈಗಲೂ ಎಲ್ಲರೂ ಮಾತು ಬದಲಿಸುತ್ತೇವೆ.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಲಾರಿ ಓಡಿಸುತ್ತಿದ್ದ. ಹಳ್ಳಿಖೇಡದಿಂದ ಸಕ್ಕರೆ, ನನ್ನ ತವರೂ ಆದ ಹುಮನಾಬಾದಿನಿಂದ ತೊಗರಿ ಹೇರಿಕೊಂಡು ಹೈದರಾಬಾದಿಗೆ ಹೋಗುವುದು, ಬರುವಾಗ ಅಲ್ಲಿಯ ಏನಾದರೊಂದು ವಿಚಿತ್ರ ಸಾಮಾನು ತರುವುದು ಅವನ ರೂಢಿ. ಅಕ್ಕ ಮಾದೇವಿಯ ಮದುವೆ ಗೊತ್ತಾದಾಗ ಹೈದರಾಬಾದಿನ ಯಾರೋ ಒಬ್ಬ ಗಿರಾಕಿಯಿಂದ ಹೆಗಲ ಮೇಲೆ ಹೊತ್ತುಕೊಳ್ಳುವ ಒಂದು ವಿಡಿಯೋ ಕ್ಯಾಮೆರಾ ತಂದ. ದೊಡ್ಡ ಕ್ಯಾಸೆಟ್ ಹಾಕುವಂಥದ್ದು. ಹೊತ್ತುಕೊಂಡರೆ ಕಾಕಾ ಒಂದು ಕಡೆ ವಾಲುತ್ತಿದ್ದ. “ಫೋಟೋದವರು, ವಿಡಿಯೋದವರು ಯಾಕ ಬೇಕು? ಮನಿ ಮಗಳ ಮದುವಿ, ಮನಿ ಕ್ಯಾಮೆರಾ,” ಎಂದು ಸಾರಿದ.

ಕೊಟ್ಟವನು ಹೇಳಿಕೊಟ್ಟಿದ್ದ ಪಾಠ ಒಂದೇ. ಲಾಲ್ ಬತ್ತಿಯ ಮೇಲೆ ಧ್ಯಾನ ಇರಲಿ ಎಂದಿದ್ದ. ಕ್ಯಾಮೆರಾದ ಮುಂದೆ ಒಂದು ಸಣ್ಣ ಕೆಂಪು ದೀಪ ಇತ್ತು. ಕಾಕಾ ಧ್ಯಾನ ಇಟ್ಟ. ಆದರೆ ಆಯುಷ್ಯವೆಲ್ಲ ಹೈದರಾಬಾದಿನ ಚೌಕಗಳಲ್ಲಿ ಲಾರಿ ನಿಲ್ಲಿಸಿದವನು ಅವನು. ಕೆಂಪು ದೀಪ ಹತ್ತಿದರೆ ನಿಂತಿದೆ, ಆರಿದರೆ ಹೊರಟಿದೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಅಲ್ಲಿಗೆ ಏನಾಯಿತೆಂದು ನಿಮಗೆ ಹೊಳೆದಿರಬೇಕು. ನಮಗೆ ಹೊಳೆಯಲಿಲ್ಲ. ಮದುವೆಯ ದಿನವಿಡೀ ಕಾಕಾ ಕೆಂಪು ದೀಪ ಆರಿಸಿಕೊಂಡು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಅದರಲ್ಲೂ ಒಂದು ವಿಶೇಷವಿತ್ತು. ನಮ್ಮ ಮಂದಿಗೆ ಗೊತ್ತಿದ್ದದ್ದು ಫೋಟೋ. ಫೋಟೋ ಎಂದರೆ ಉಸಿರು ಹಿಡಿದು ನಿಲ್ಲುವುದು. ವಿಡಿಯೋಕ್ಕೂ ಹಾಗೆಯೇ ನಿಂತರು. ಕಾಕಾನೂ ಹಾಗೇ ನಿಲ್ಲಿಸಿದ. “ಅಲ್ಲಾಡಬ್ಯಾಡ್ರಿ, ಅಲ್ಲಾಡಬ್ಯಾಡ್ರಿ” ಎಂದು ಅಕ್ಷತೆಯಿಂದ ಹಿಡಿದು ಊಟದ ಪಂಕ್ತಿಯವರೆಗೆ ಕೂಗಿದ. ಹುಗ್ಗಿ ಬಾಯಿಗೆ ಒಯ್ಯುತ್ತಿದ್ದವರು ಕೈ ಅಲ್ಲಿಯೇ ತಡೆದು ಕೂತರು. ಬಸವಕಲ್ಯಾಣದಿಂದ ಬಂದಿದ್ದ ವರ, ಅಂದರೆ ನಮ್ಮ ಶರಣಪ್ಪ ಭಾವ, ಬಾಸಿಂಗ ಕಟ್ಟಿಕೊಂಡು ಕಲ್ಲಾಗಿ ನಿಂತವರು ಸಂಜೆಯವರೆಗೆ ಹಾಗೇ ಇದ್ದರು.

ಒಂದೊಂದು ಶಾಸ್ತ್ರ ಮುಗಿದ ಮೇಲೆ ಕಾಕಾ ಗುಂಡಿ ಒತ್ತುತ್ತಿದ್ದ. ಕೆಂಪು ದೀಪ ಹತ್ತುತ್ತಿತ್ತು. “ಕೆಂಪ್ ಹತ್ತೇದ, ಬಂದ್ ಆತು. ಆರಾಮ್ ಆಗ್ರಿ,” ಎನ್ನುತ್ತಿದ್ದ. ಎಲ್ಲರೂ ಆರಾಮಾಗುತ್ತಿದ್ದರು. ಸೆರಗು ಸಡಿಲಿಸಿ, ಬೂಟು ಕಳಚಿ, ಬೀಗರ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನು ಬಾಯಿ ತುಂಬ ಆಡಿಕೊಳ್ಳುತ್ತಿದ್ದರು. ಯಾರಿಗಾದರೂ ಸಂಶಯ ಬಂದರೆ ದೀಪದ ಕಡೆ ನೋಡುತ್ತಿದ್ದರು. ಕೆಂಪಗೆ ಉರಿಯುತ್ತಿದೆ ಎಂದರೆ ಧೈರ್ಯವಾಗಿ ಮುಂದುವರಿಸುತ್ತಿದ್ದರು.

ಮದುವೆಯ ಮರುವಾರ ಬಾಡಿಗೆಗೆ ವಿಸಿಆರ್ ತಂದು, ಓಣಿಯವರನ್ನೆಲ್ಲ ಕರೆದು, ಕ್ಯಾಸೆಟ್ ಹಾಕಿದೆವು. ಮೊದಲು ನೆಲ ಬಂತು. ಆಮೇಲೆ ಕಾಲು. ಆಮೇಲೆ ಇನ್ನೂ ಬೇರೆ ಕಾಲು. ನೆಲ ತೂಗಾಡುತ್ತಿತ್ತು, ಏಕೆಂದರೆ ಕೆಂಪು ದೀಪ ಹತ್ತಿದಾಗಲೇ ಕ್ಯಾಮೆರಾ ಚಿತ್ರ ತುಂಬಿಕೊಳ್ಳುತ್ತಿತ್ತು, ಆಗೆಲ್ಲ ಕಾಕಾ ಅದನ್ನು ಕೈಯಲ್ಲಿ ಚೀಲದಂತೆ ಹಿಡಿದು ನಡೆಯುತ್ತಿದ್ದ. ವಧು ಎಲ್ಲಿ, ವರ ಎಲ್ಲಿ ಎಂದು ಹುಡುಕಿ ದಣಿದ ಮಂದಿ ಕೊನೆಗೆ ಸಿಕ್ಕದ್ದರಲ್ಲೇ ಸಮಾಧಾನ ಕಂಡುಕೊಂಡರು. “ಇವು ನನ್ನ ಕಾಲುಂಗುರ ನೋಡವಾ,” ಎಂದು ಪಕ್ಕದ ಮನೆಯಾಕೆ ತನ್ನ ಕಾಲನ್ನು ಗುರುತು ಹಿಡಿದು ಖುಷಿಪಟ್ಟಳು. ಯಾರದೋ ಹೊಸ ಚಪ್ಪಲಿ ಯಾರ ಕಾಲಲ್ಲಿ ಹೋಯಿತು ಎಂಬ ಹಳೆಯ ತಕರಾರು ಕೂಡ ಅಂದೇ ಬಗೆಹರಿಯಿತು.

ಅಷ್ಟರಲ್ಲಿ ಟಿವಿಯೊಳಗಿಂದ ಅಪ್ಪನ ದನಿ ಬಂತು. “ಕಾಶ್ಯಾ, ಬಂದ್ ಆತೇನ್ ಅದು?” ಆಮೇಲೆ ಕಾಕಾನ ದನಿ, “ಬಂದ್ ಅದ ಅಣ್ಣಾ.” ಆಮೇಲೆ ಅಪ್ಪ ಕಲ್ಯಾಣದ, ಅಂದರೆ ಬಸವಕಲ್ಯಾಣದ, ಬೀಗರ ಬಗ್ಗೆ ಶುರು ಮಾಡಿದ. ಒಂದು ವಾಕ್ಯ ಮುಗಿಯುವುದರೊಳಗೆ, ನಮ್ಮ ಜೊತೆ ಕೂತು ನೋಡುತ್ತಿದ್ದ ನಿಜವಾದ ಅಪ್ಪ ಎದ್ದು ವಿಸಿಆರ್‌ನ ವೈರನ್ನೇ ಕಿತ್ತ. ಓಣಿಯವರನ್ನು ಮನೆಗೆ ಕಳಿಸಿ ಕಾಕಾನ ಕಡೆ ತಿರುಗಿದ.

“ಕೆಂಪ್ ಅಂದ್ರ ನಿಲ್ಲೋದು ಅಣ್ಣಾ,” ಎಂದ ಕಾಕಾ. “ಹೈದರಾಬಾದ್‌ದಾಗ ಕೆಂಪ್ ಕಂಡ್ ಮುಂದ ಹೋಗು, ಪೊಲೀಸ್ರು ಬಿಡ್ತಾರೇನು?”

“ಇದು ಲಾರಿ ಅಲ್ಲೋ,” ಎಂದ ಅಪ್ಪ. “ಇದನ್ನ ಒಯ್ದು ಎಲ್ಲ್ಯಾರ ಒಗಿ. ಮಾದೇವಿ ಮನಿಯವರ ಕಿವಿಗೆ ಬಿದ್ರ ಹುಡುಗಿ ಬಾಳೇವು ಹ್ಯಾಂಗ?”

ಆಗ ಮದುವೆಯ ವಿಡಿಯೋಗಳನ್ನು ಮಿಕ್ಸಿಂಗ್‌ಗೆ ಕಳಿಸುವ ಪದ್ಧತಿ ಇತ್ತು. ವಧುವರರ ಮುಖ ಹೂವಿನೊಳಗೆ ಮೂಡುವುದು, ಪುಸ್ತಕದ ಹಾಳೆ ತಿರುವಿದಂತೆ ಮಾವನಿಂದ ಅತ್ತೆಗೆ ಹೋಗುವುದು, ಹಿಂದೆ ಹಾಡು, ಇಂಥದ್ದೆಲ್ಲ ಅಲ್ಲಿ ಮಾಡುತ್ತಿದ್ದರು. ಕ್ಯಾಸೆಟ್ ಕೇಳಿದ ಬೀಗರಿಗೆ “ಹೈದರಾಬಾದಿಗೆ ಮಿಕ್ಸಿಂಗ್‌ಗೆ ಹೋಗಿದೆ” ಎಂದು ಹೇಳಿಸಿದೆವು. ಅಕ್ಕನಿಗೂ ಅದನ್ನೇ ಹೇಳಿದೆವು. ಗಂಡನ ಮನೆಯಲ್ಲಿ ಬಾಯಿ ತಪ್ಪಿ ಆಡಿಬಿಟ್ಟಾಳು ಎಂದು. ಭಾವನ ತಾಯಿ ಇರುವವರೆಗೆ ಪ್ರತಿ ಹಬ್ಬಕ್ಕೂ “ಮಿಕ್ಸಿಂಗ್ ಆತೇನ್ರಿ?” ಎಂದು ಕೇಳಿದರು. “ನಡೆದದ್ರಿ, ಭಾರಿ ಮಾಡಾಕತ್ತಾರ,” ಎಂದು ಕಾಕಾ ಉತ್ತರ ಕೊಡುತ್ತಲೇ ಬಂದ. ಜಗತ್ತಿನಲ್ಲಿ ಅಷ್ಟು ದೀರ್ಘಕಾಲ ಮಿಕ್ಸಿಂಗ್ ಆದ ಕ್ಯಾಸೆಟ್ ಇನ್ನೊಂದಿರಲಾರದು.

ನಗುತ್ತಿದ್ದೀರಿ. ನಗಿ. ಆದರೆ ಅಕ್ಕನಿಗೆ ಈ ವಿಷಯದಲ್ಲಿ ನಗು ಬರುತ್ತಿರಲಿಲ್ಲ. ನಮ್ಮ ಅವ್ವ ನಾನು ಸಣ್ಣವಳಿದ್ದಾಗಲೇ ಹೋದಳು. ಅಪ್ಪ ಅಡತಿ ಅಂಗಡಿಯಲ್ಲಿ ಧಾನ್ಯ ತೂಗುವ ಕೆಲಸದವ. ಒಲೆ ಅಕ್ಕನ ಪಾಲಿಗೆ ಬಂತು. ಮಣೆ ಹಾಕಿಕೊಂಡು ನಿಂತರೆ ಸ್ಟೋವು ಎಟಕುವ ವಯಸ್ಸಿನಿಂದ ಅವಳೇ ಅಪ್ಪನಿಗೆ ಚಹಾ ಮಾಡಿದಳು. ಅಪ್ಪ ಸಂಜೆ ಬಂದು ಅಂಗಳದ ಕಟ್ಟೆಯ ಮೇಲೆ ಕೂತು ಒಳಗೆ ಕೂಗುವುದು, ಅವಳು ಚಮಚ ನಿಲ್ಲುವಷ್ಟು ಸಕ್ಕರೆ ಹಾಕಿ ತರುವುದು. ಅಪ್ಪ ಮಾತಿನ ಮನುಷ್ಯ ಅಲ್ಲ. ಅವನಿಗೆ ಮಗಳ ಮೇಲೆ ಪ್ರೀತಿ ಇತ್ತೋ, ಸಕ್ಕರೆಯ ಮೇಲೆ ಇತ್ತೋ ಹೇಳುವುದು ಕಷ್ಟ.

ಮದುವೆಯ ಸಂಜೆ ಅಕ್ಕನನ್ನು ಜೀಪಿನಲ್ಲಿ ಕೂಡಿಸಿದಾಗ ಓಣಿಯೆಲ್ಲ ಅಳುತ್ತಿತ್ತು, ಅಪ್ಪ ಮಾತ್ರ ಅಲ್ಲಿ ಇರಲಿಲ್ಲ. ಹಿತ್ತಿಲಲ್ಲಿ ಅಡುಗೆಯವನ ಜೊತೆ ಒಂದು ಹಂಡೆಯ ಸಲುವಾಗಿ ಜೋರು ಮಾಡುತ್ತಿದ್ದ. ಜೀಪು ಹೊರಟಾಗಲೂ ಅಕ್ಕನಿಗೆ ಅವನ ದನಿ ಹಿತ್ತಿಲಿನಿಂದಲೇ ಕೇಳಿತಂತೆ. “ಅಪ್ಪಗ ನನಕಿಂತ ಹಂಡೇನೇ ಹೆಚ್ಚಾತು,” ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು, ಆದರೆ ಪ್ರತಿ ವರ್ಷ ಹೇಳುತ್ತಿದ್ದಳು. ಓಣಿಗೊಂದು ಮೊಬೈಲು ಬರುವ ಮೊದಲೇ ಅಪ್ಪ ತೀರಿಕೊಂಡ. ಗೋಡೆಯ ಮೇಲೆ ಮತದಾರರ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಒಂದು ಫೋಟೋ ಉಳಿಯಿತು. ಅದರಲ್ಲಿ ಅಪ್ಪ ನಮ್ಮನ್ನೆಲ್ಲ ಎಲ್ಲಿಯೋ ಕಂಡಂತೆ ನೋಡುತ್ತಾನೆ. ಒಮ್ಮೆ ಅಕ್ಕ ನನಗೆ ಫೋನಿನಲ್ಲಿ, “ಗೌರಾ, ಅಪ್ಪನ ದನಿ ಹ್ಯಾಂಗಿತ್ತಂತನೇ ಮರ್ತ್ ಹೋಗೇದ ನೋಡು ನನಗ,” ಎಂದಳು. ಆಮೇಲೆ ತೊಗರಿ ಬೇಳೆಯ ವಿಷಯ ಮಾತಾಡಿದಳು. ಕ್ಯಾಸೆಟ್ ಎಲ್ಲಿದೆ ಎಂದು ನಾನು ಅಂದೇ ಹೋಗಿ ಕಾಕಾನನ್ನು ಕೇಳಿದರೆ, “ಅಣ್ಣ ಒಗಿ ಅಂದಿದ್ದ, ಒಗದೆ,” ಎಂದಿದ್ದ.

ಒಗೆದಿರಲಿಲ್ಲ. ಮಾಳಿಗೆಯ ಮೇಲೆ ಒಗೆದಿದ್ದ. ಪೂಜಾ ಬಂದು ಹಳೇ ಕ್ಯಾಮೆರಾ ಕೇಳಿದಾಗ ಕಾಕಾ ಖುಷಿಯಿಂದ ಅದರ ಚೀಲ ಇಳಿಸಿ, ಧೂಳು ಕೊಡವಿ, ಒಳಗೆ ನೋಡದೇ ಕೊಟ್ಟು ಕಳಿಸಿದ. ಕ್ಯಾಮೆರಾ ಜೀವ ಬಿಟ್ಟಿತ್ತು. ಆದರೆ ಚೀಲದ ಪಕ್ಕದ ಜೇಬಿನಲ್ಲಿ ಕ್ಯಾಸೆಟ್ ಇತ್ತು. ಕಲ್ಯಾಣದಲ್ಲಿ ಯಾರೋ ಒಬ್ಬರು ಹಳೇ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುತ್ತಾರಂತೆ, ಪೂಜಾ ಅದನ್ನು ಅವರಿಗೆ ಕೊಟ್ಟಳು. ಶನಿವಾರ ಸಂಜೆ ಭಾವನ ಫೋನು ಬಂತು.

“ಗೌರಾ, ಮಿಕ್ಸಿಂಗ್ ಮುಗದು ಕ್ಯಾಸೆಟ್ ಬಂದದವಾ. ನಾಳಿಗಿ ಕಾಕಾನ್ನ ಕರ್ಕೊಂಡು ಬಾ. ಎಲ್ಲಾರೂ ಕೂಡಿ ನೋಡೋಣು.”

ನಮ್ಮ ಭಾವನ ಸ್ವಭಾವ ನಿಮಗೆ ಹೇಳಬೇಕು. ಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಒಳ್ಳೆಯವರು. ಆದರೆ ಸಿಟ್ಟು ಬಂದರೆ ಜಗಳವಾಡುವುದಿಲ್ಲ, ಎದ್ದು ಅಂಗಡಿಗೆ ಹೋಗುತ್ತಾರೆ. ಅಷ್ಟೇ. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲ. ಒಂದು ದೀಪಾವಳಿಗೆ ಅಳಿಯನಿಗೆಂದು ಕಾಕಾ ತಂದು ಕೊಟ್ಟ ಅಂಗಿ ಬಟ್ಟೆ ಅವರದೇ ಅಂಗಡಿಯದ್ದೆಂದು, ಅದೂ ಮಾರಾಟವಾಗದೆ ಉಳಿದ ಥಾನಿನದೆಂದು ತಿಳಿದಾಗ ಹೀಗೇ ಎದ್ದು ಹೋಗಿದ್ದರು. ಯುಗಾದಿಯವರೆಗೆ ಹುಮನಾಬಾದಿನ ಕಡೆ ಮುಖ ಹಾಕಲಿಲ್ಲ. ಈಗ ಅಪ್ಪನ ಮಾತು ಅವರ ಕಿವಿಗೆ ಬಿದ್ದರೆ ಪೆನ್‌ಡ್ರೈವ್ ಕಿತ್ತುಕೊಂಡು ಅಂಗಡಿಗೆ ಹೋಗುವುದು ಖಂಡಿತ. ಅಕ್ಕನಿಗೆ ಅಪ್ಪನ ದನಿ ಎರಡು ವಾಕ್ಯ ಕೇಳಿ ಅಲ್ಲಿಗೆ ನಿಂತುಹೋಗುತ್ತದೆ. ನನಗಿದ್ದ ಹೆದರಿಕೆ ಅದೊಂದೇ.

ಬಸ್ಸಿನಲ್ಲಿ ಕಾಕಾ ದಾರಿಯುದ್ದಕ್ಕೂ ಉಪಾಯ ಹೂಡುತ್ತಿದ್ದ. “ನಾ ಸ್ವಿಚ್ ಹತ್ರ ಕುಂಡರ್ತೀನಿ. ಅಣ್ಣ ಬಾಯಿ ತಗದ ಅಂದ್ರ ಕರೆಂಟ್ ತಗದ್ ಬಿಡ್ತೀನಿ. ಕರೆಂಟ್ ಹೋತು ಅನ್ನೂದು. ಆ ಮಾತು ದಾಟಿದ ಮ್ಯಾಗ ಹಚ್ಚೂದು.”

“ಕರೆಂಟ್ ಹೋದ್ರ ಟಿವಿನೂ ನಿಲ್ತದ ಕಾಕಾ. ಆ ಮಾತು ಹ್ಯಾಂಗ ದಾಟ್ತದ?”

ಕಾಕಾ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡಿದ. “ನೀ ಭಾಳ ಓದೀದಿ,” ಎಂದ.

ಕಲ್ಯಾಣದಲ್ಲಿ ಭಾವ ಟಿವಿಯ ಮುಂದೆ ಚಾಪೆ ಹಾಸಿ, ಅವಲಕ್ಕಿ ಚೂಡಾ ಇಟ್ಟು, ಥಿಯೇಟರಿನ ಮಾಲಕರ ಹಾಗೆ ಕೂತಿದ್ದರು. ಅಕ್ಕ ಹೊಸ ಸೀರೆ ಉಟ್ಟಿದ್ದಳು. ಅಪ್ಪ ಎದುರಿಗೆ ಬರುತ್ತಾನೇನೋ ಎಂಬಂತೆ. ಕಾಕಾ ಸ್ವಿಚ್‌ಬೋರ್ಡಿನ ಕೆಳಗೇ ಕೂತ.

ಪೂಜಾ ರಿಮೋಟು ಒತ್ತಿದಳು. ನೆಲ ಬಂತು, ಕಾಲು ಬಂದವು. ಭಾವ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಇದೇನ್ ಮಿಕ್ಸಿಂಗ್ ಕಾಕಾ?” ಎಂದರು.

“ಮುಂದ ಬರ್ತದ್ರಿ,” ಎಂದ ಕಾಕಾ.

ಕಾಲುಂಗುರ ಹೋದವು, ಚಪ್ಪಲಿ ಹೋದವು, ಯಾರದೋ ಕುರ್ಚಿಯ ಕೆಳಗೆ ನಾಯಿಯೊಂದು ಬೂಂದಿ ತಿನ್ನುವುದು ಬಹಳ ಹೊತ್ತು ನಡೆಯಿತು. ಪೂಜಾ ಅದನ್ನು ತನ್ಮಯಳಾಗಿ ನೋಡಿದಳು. ಆಮೇಲೆ ಆ ದನಿ ಬಂತು. “ಕಾಶ್ಯಾ, ಬಂದ್ ಆತೇನ್ ಅದು?”

ಅಕ್ಕ ಬಾಯಿಗೆ ಸೆರಗು ಹಿಡಿದಳು.

ಕಾಕಾ ಕೈ ಎತ್ತಿ ಒಂದು ಸ್ವಿಚ್ ಆರಿಸಿ ಒತ್ತಿದ. ಫ್ಯಾನು ನಿಂತಿತು. ಟಿವಿ ನಡೆದೇ ಇತ್ತು. ಅಲ್ಲಿಯವರೆಗೆ ಫ್ಯಾನಿನ ಗರಗರ ಸದ್ದಿನಲ್ಲಿ ಅರ್ಧ ಮರ್ಧ ಕೇಳುತ್ತಿದ್ದ ಅಪ್ಪನ ದನಿ ಈಗ ಗಂಟೆ ಬಾರಿಸಿದಂತೆ ಸ್ಪಷ್ಟವಾಯಿತು.

“ಈ ಕಲ್ಯಾಣದ ಮಂದಿ ಊಟಕ್ಕ ಕುಂತ್ರ ಏಳೂದೇ ಇಲ್ಲಲ್ಲೋ. ಒಬ್ಬರಿಗಿ ಟೋಪಿ-ಟವೆಲ್ ಕೊಟ್ಟು ಮಾನ ಮಾಡಿದ್ರ ಹಿಂದ ನಾಕ್ ಮಂದಿ ಮಾರಿ ಉಬ್ಬಿಸ್ಕೊಂಡ್ ನಿಂದರ್ತಾರ. ಇನ್ನ ಅಳಿಯ. ಮುಂಜಾನಿಂದ ನೋಡಾಕತ್ತೇನಿ, ಅಡತಿದಾಗ ಜ್ವಾಳದ ಚೀಲ ಇಟ್ಟಂಗ ನಿಂತಾನ. ಮಾತಿಲ್ಲ, ಕತಿಲ್ಲ. ಇದಕ್ಕ ಜೀವ ಅದ ಏನ್ ಇಲ್ಲ, ಜರಾ ಮುಟ್ಟಿ ನೋಡೋ.”

ಪೂಜಾ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. ಭಾವ ಎದ್ದು ನಿಂತರು. ನಾನು ಅಕ್ಕನ ಕಡೆ ನೋಡಿದೆ. ಅಕ್ಕನಿಗೆ ಮಾತಿನ ಅರ್ಥ ತಲೆಗೆ ಹೋದಂತೆ ಕಾಣಲಿಲ್ಲ. ದನಿಯನ್ನೇ ಕುಡಿಯುತ್ತ ಕೂತಿದ್ದಳು. ಭಾವ ಬಾಗಿಲ ಕಡೆ ನಡೆದರು. ಕಾಕಾ ಕಣ್ಣು ಮುಚ್ಚಿಕೊಂಡ. ಭಾವ ಚಪ್ಪಲಿ ಹಾಕಿಕೊಳ್ಳಲಿಲ್ಲ. ಬಾಗಿಲು ಮುಚ್ಚಿ ಚಿಲಕ ಹಾಕಿ ಬಂದು ಮತ್ತೆ ಕೂತರು.

“ಪೂಜಾ, ಜರಾ ಹಿಂದ ಹಾಕು,” ಎಂದರು. “ಹೊರಗ ಟ್ರ್ಯಾಕ್ಟರ್ ಸಪ್ಪಳದಾಗ ನೆಟ್ಟಗ ಕೇಳ್ಲಿಲ್ಲ.”

ಎರಡನೇ ಸಲ ಪೂರ್ತಿ ಕೇಳಿದರು. ಕಾಕಾ ಮತ್ತೆ ಫ್ಯಾನು ಹಚ್ಚಲು ಹೋದಾಗ, “ಬ್ಯಾಡ, ಇರ್ಲಿ,” ಎಂದರು. ಆಮೇಲೆ ಚೂಡಾದ ತಟ್ಟೆಯನ್ನು ನೋಡುತ್ತ ಹೇಳಿದರು.

“ಚೀಲದಂಗ ನಿಂತಿದ್ದೆ, ಖರೇ ಅದ. ಬೂಟ್ ಬಿಗಿ ಇದ್ವು. ಆದ್ರ ಅಲ್ಲಾಡಬ್ಯಾಡ್ರಿ ಅಂತ ಇಡೀ ದಿನ ಒದರಿದವ್ರು ನೀವೇ ಕಾಕಾ. ಹೊಸ ಬೀಗರು, ಮಾತ್ ಮೀರಬಾರ್ದಂತ ನಿಂತೆ.” ಸ್ವಲ್ಪ ತಡೆದು, “ಮಾವ್ನೋರು ಇರೋತನ ನನ್ನ ಜೋಡಿ ‘ಬಂದ್ರೇನ್ರಿ, ಕುಂಡರ್ರಿ’ ಬಿಟ್ಟು ಒಂದ್ ಮಾತ್ ಹೆಚ್ಚಿಗಿ ಆಡ್ಲಿಲ್ಲ. ಇಷ್ಟುದ್ದ ಮಾತಾಡಿದ್ದು ಇವತ್ತೇ ಕೇಳಾಕತ್ತೇನಿ,” ಎಂದರು.

ಕಾಕಾ ಒಂದು ಮುಷ್ಟಿ ಚೂಡಾ ಬಾಯಿಗೆ ಹಾಕಿಕೊಂಡ. ಅಲ್ಲಿಂದ ಮುಂದೆ ಎಲ್ಲ ಹೊಸದು. ಅಂದು ಅಪ್ಪ ವೈರು ಕಿತ್ತ ಮೇಲೆ ಇದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಇನ್ನಷ್ಟು ಕಾಲು, ಇನ್ನಷ್ಟು ಬೀಗರ ನಿಂದೆ. ಕಲ್ಯಾಣದವರು ನಮ್ಮ ಬಗ್ಗೆ ಆಡಿಕೊಂಡದ್ದೂ ಬಂತು. ಭಾವನ ತಾಯಿ ನಮ್ಮ ಹುಗ್ಗಿಯಲ್ಲಿ ಬೆಲ್ಲ ಕಮ್ಮಿ ಎಂದದ್ದು ಕೇಳಿ ಕಾಕಾ ನೊಂದುಕೊಂಡ. ಅಕ್ಕನನ್ನು ಬೀಳ್ಕೊಟ್ಟದ್ದು ಮಾತ್ರ ಇರಲಿಲ್ಲ. ಅದನ್ನು ಕಾಕಾ ಬಹಳ ಶ್ರದ್ಧೆಯಿಂದ ದೀಪ ಆರಿಸಿಕೊಂಡು ತೆಗೆದಿದ್ದ.

ಆಮೇಲೆ ಚಿತ್ರ ಒಮ್ಮೆಲೇ ಅಲುಗಾಡದೆ ನಿಂತಿತು. ಜೀಪು ಹೋದ ಮೇಲೆ ಕಾಕಾ ಗುಂಡಿ ಒತ್ತಿ, ಕ್ಯಾಮೆರಾವನ್ನು ಅಂಗಳದ ಎದುರು ಒಂದು ಕುರ್ಚಿಯ ಮೇಲೆ ಇಟ್ಟು ಹೋಗಿರಬೇಕು. ನಮ್ಮ ಮನೆಯ ಕಟ್ಟೆಯ ಕೆಳಭಾಗ, ನೆಲದ ಮೇಲೆ ಚೆಲ್ಲಿದ ಅಕ್ಷತೆ, ಒಂದು ಬೋರಲು ಬಿದ್ದ ಲೋಟ. ಯಾರೂ ಇಲ್ಲ. ಪೂಜಾ ಮುಂದೆ ಓಡಿಸಲು ರಿಮೋಟು ಎತ್ತಿದಳು. ಅಕ್ಕ ಅವಳ ಕೈ ಹಿಡಿದಳು.

ಟೈರಿನ ಚಪ್ಪಲಿಯ ಎರಡು ಕಾಲು ಬಂದವು. ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪು. ಅಡತಿಯಲ್ಲಿ ಕಾಲ ಮೇಲೆ ತೂಕದ ಕಲ್ಲು ಬಿದ್ದು ಆದದ್ದು. ಆ ಉಗುರನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ.

“ಕಾಶ್ಯಾ, ಬಂದ್ ಅದ ಏನ್ ಇದು?”

ದೂರದಿಂದ ಕಾಕಾ, “ಕೆಂಪ್ ಹತ್ತೇದ ಏನ್ ನೋಡಣ್ಣಾ.”

“ಹತ್ತೇದ.”

“ಹಂಗಾರ ಬಂದ್ ಅದ.”

ಅಪ್ಪ ಕಟ್ಟೆಯ ಮೇಲೆ ಕೂತ. ನಮಗೆ ಕಾಣುತ್ತಿದ್ದದ್ದು ಮೊಣಕಾಲಿನಿಂದ ಕೆಳಗೆ ಮಾತ್ರ. ಚಪ್ಪಲಿ ಕಳಚಿದ. ಒಂದು ಕಾಲಿನಿಂದ ಇನ್ನೊಂದನ್ನು ತಿಕ್ಕಿಕೊಂಡ. ಹಿತ್ತಿಲಲ್ಲಿ ಪಾತ್ರೆಗಳ ಸದ್ದು ಕೇಳುತ್ತಿತ್ತು. ದಿನಾ ಸಂಜೆಯ ಹಾಗೆಯೇ ಒಂದು ಸಲ ಉಸಿರು ಬಿಟ್ಟು, ದಿನಾ ಸಂಜೆಯ ಹಾಗೆಯೇ ಒಳಗೆ ಕೂಗಿದ.

“ಮಾದೇವೀ, ಚಾ ಇಡವಾ.”

ಒಳಗಿನಿಂದ ಯಾರೂ ಓಗೊಡಲಿಲ್ಲ. ತಿಕ್ಕಿಕೊಳ್ಳುತ್ತಿದ್ದ ಕಾಲು ಅಲ್ಲಿಯೇ ನಿಂತಿತು. ಆಮೇಲೆ ಅಲುಗಲಿಲ್ಲ. ಅಪ್ಪ ಇನ್ನೊಮ್ಮೆ ಕೂಗಲಿಲ್ಲ, ಎದ್ದೂ ಹೋಗಲಿಲ್ಲ. ಎರಡು ಬರಿಗಾಲು ಹಾಗೇ ಇಳಿಬಿದ್ದಿದ್ದವು, ಕ್ಯಾಸೆಟ್ ಮುಗಿದು ಚುಕ್ಕೆ ಚುಕ್ಕೆ ಬರುವವರೆಗೆ.

ಪೂಜಾ ಹಿಂದಕ್ಕೆ ಹಾಕಿ ಆ ಕಾಲುಗಳ ಮೇಲೆ ನಿಲ್ಲಿಸಿದಳು. ನಾನು ಅತ್ತುಬಿಟ್ಟೆ. ಭಾವ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅಕ್ಕ ಅಳಲಿಲ್ಲ. ಎದ್ದು ಒಳಗೆ ಹೋದಳು. ಲೈಟರಿನ ಸದ್ದು, ಪಾತ್ರೆ ಇಟ್ಟ ಸದ್ದು ಕೇಳಿತು.

ಕಾಕಾ ಟವೆಲಿನಿಂದ ಮೂಗು ಒರೆಸಿಕೊಂಡ. ಆದರೆ ಕಾಕಾ ಕಾಕಾನೇ. ಸ್ವಲ್ಪ ಹೊತ್ತಿಗೆ, “ಮಾದೇವಿ, ನನಗ ಸಕ್ರಿ ಹಾಕಬ್ಯಾಡವಾ, ಶುಗರ್ ಅದ,” ಎಂದು ಕೂಗಿದ.

“ನಿನಗಲ್ಲ,” ಎಂದಳು ಅಕ್ಕ ಒಳಗಿನಿಂದ. “ಅಪ್ಪಗ ಇಡಾಕತ್ತೇನಿ.”

ಒಂದೇ ಕಪ್ಪು ತಂದು ಟಿವಿಯ ಮುಂದೆ, ಆ ಕಾಲುಗಳ ಹತ್ತಿರ ಇಟ್ಟಳು. ಹಬೆ ಆರುವವರೆಗೆ ಅದು ಅಲ್ಲೇ ಇತ್ತು. ಆಮೇಲೆ ಭಾವ ಕೈ ಚಾಚಿ ಅದನ್ನು ಎತ್ತಿಕೊಂಡು ಒಂದು ಗುಟುಕು ಕುಡಿದರು. ಮುಖ ಕಿವುಚಿದರು.

“ಇಷ್ಟ್ ಸಕ್ರಿ?”

“ಹೂಂ,” ಎಂದಳು ಅಕ್ಕ. “ಅವ್ನಿಗಿ ಹಂಗೇ ಬೇಕು.”

ಭಾವ ಕಪ್ಪು ಕೆಳಗಿಡಲಿಲ್ಲ. ಜ್ವಾಳದ ಚೀಲದ ಹಾಗೆ ಕೂತು, ಒಂದು ಮಾತೂ ಆಡದೆ, ತಳದ ಸಕ್ಕರೆಯವರೆಗೆ ಪೂರ್ತಿ ಕುಡಿದರು.